ದಾವೆ ವಾಪಸ್ ಪಡೆದು ಮತ್ತೆ ಹೂಡಬಹುದಾ? ಕುಮಟಾ ಕಡೆಯ ಒಂದು ಗಜನಿ ಜಮೀನಿನ ಪ್ರಶ್ನೆ

ಅಘನಾಶಿನಿ_ದಂಡೆ

ಕುಮಟಾ ತಾಲೂಕಿನ ಗಜನಿ ಜಮೀನು (ಉಬ್ಬರದ ನೀರು ಬರುವ ತಗ್ಗು ಗದ್ದೆ), 1 ಎಕರೆ 12 ಗುಂಟೆ. ಪಹಣಿ ಅಣ್ಣ-ತಮ್ಮ ಇಬ್ಬರ ಹೆಸರಲ್ಲಿ ಜಂಟಿ. ಪಕ್ಕದ ಹಿಸ್ಸೆಯವರು ಒಡ್ಡು ದಾಟಿ ಒಳಗೆ ಬರುತ್ತಿದ್ದಾರೆ ಎಂದು 2023ರ ಮಾರ್ಚಿನಲ್ಲಿ ಇಬ್ಬರೂ ಸೇರಿ ದಾವೆ ಹೂಡಿದ್ದು. ಕೇಳಿದ್ದು ಬರೀ ಶಾಶ್ವತ ನಿರ್ಬಂಧಕಾಜ್ಞೆ, ಹಕ್ಕು ಘೋಷಣೆ ಕೇಳಿಲ್ಲ. ಪ್ರತಿವಾದಿ 10-8-2023ರಂದು ಕೈಫಿಯತ್ತು (ಲಿಖಿತ ಉತ್ತರ) ಕೊಟ್ಟು, ವಾದಿಗೆ ಹಕ್ಕೇ ಇಲ್ಲ, ಹಿಸ್ಸಾ ನಂಬರೂ (ಸರ್ವೆ ನಂಬರಿನ ಒಳಭಾಗದ ನಂಬರು) ತಪ್ಪು ಎಂದಿದ್ದಾರೆ. ಇಶ್ಯೂ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು) ಆಗಿದೆ, ಅಣ್ಣನ ಸಾಕ್ಷಿಯ ಅಫಿಡವಿಟ್ ಆಗಿದೆ, ಪಾಟಿ ಸವಾಲು ಅರ್ಧ ಆಗಿದೆ. ಈಗ ವಕೀಲರು, "ಒಂದು ಮೆಮೋ ಹಾಕಿ ವಾಪಸ್ ತೆಗೆದು, ಘೋಷಣೆ ಸೇರಿಸಿ ಹೊಸದಾಗಿ ಹಾಕುವ" ಎನ್ನುತ್ತಿದ್ದಾರೆ. ಮುಂದಿನ ತಾರೀಕು 2026ರ ಫೆಬ್ರುವರಿ. ಮೆಮೋ ಸಾಕಾ? ಒಮ್ಮೆ ವಾಪಸ್ ಪಡೆದ ಮೇಲೆ ಬಾಗಿಲು ಮುಚ್ಚಿಹೋಗ್ತದೆ ಅಂತಲೂ ಕೇಳಿದ್ದೇವೆ.

ಆರ್ಡರ್‌ಶೀಟ್

ಮೆಮೋ ಹಾಕಬೇಡಿ. ಸಹಿಯನ್ನೂ ಮಾಡಬೇಡಿ. ಮೊದಲು ಇದು ಓದಿ.

ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ ಆದೇಶ 23, ನಿಯಮ 1. ಇದರ ಉಪನಿಯಮ 1ರಂತೆ ವಾದಿ ಯಾವಾಗ ಬೇಕಾದರೂ ದಾವೆ ಬಿಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಹಾಗೆ ಬಿಟ್ಟರೆ ಉಪನಿಯಮ 4 ಬಂದು ಕೂತ್ಕೊಳ್ತದೆ: ಅದೇ ವಿಷಯದ ಬಗ್ಗೆ ಹೊಸ ದಾವೆ ಹೂಡುವ ಹಾಗಿಲ್ಲ, ಎದುರಿನವರ ಖರ್ಚನ್ನೂ ಕೋರ್ಟ್ ಹೇರಬಹುದು. ತಪ್ಪಿಸಿಕೊಳ್ಳುವ ದಾರಿ ಉಪನಿಯಮ 3 ಒಂದೇ. ದಾವೆಯಲ್ಲಿ ಔಪಚಾರಿಕ ದೋಷ ಇದೆ, ಅದರಿಂದ ದಾವೆ ಬೀಳಲೇಬೇಕು ಅಂತಲೋ, ಹೊಸ ದಾವೆಗೆ ಬಿಡಲು ಸಾಕಷ್ಟು ಕಾರಣ ಇದೆ ಅಂತಲೋ ಕೋರ್ಟಿಗೆ ಮನವರಿಕೆ ಆಗಬೇಕು. ಆಗ "ಹೊಸ ದಾವೆ ಹೂಡುವ ಸ್ವಾತಂತ್ರ್ಯದೊಂದಿಗೆ" ವಾಪಸ್ ಪಡೆಯಲು ಅನುಮತಿ ಕೊಡಬಹುದು. ನಮ್ಮ ಕಡೆ ಇದನ್ನೇ "ಲಿಬರ್ಟಿ ತಗೊಳ್ಳುವುದು" ಎನ್ನುವುದು.

ಮೆಮೋ ಹಾಕಿ ವಾಪಸ್ ತೆಗೆದರೆ ಆರ್ಡರ್ ಶೀಟಿನಲ್ಲಿ ಬೀಳುವುದು ಒಂದೇ ಸಾಲು: "ವಾದಿಯ ಮೆಮೋ ದಾಖಲಿಸಿದೆ. ದಾವೆಯನ್ನು ಹಿಂಪಡೆದಿದ್ದರಿಂದ ವಜಾ ಮಾಡಲಾಗಿದೆ." ಅದರಲ್ಲಿ ಲಿಬರ್ಟಿ ಎಂಬ ಮಾತಿಲ್ಲ. ಎರಡು ವರ್ಷ ಬಿಟ್ಟು "ನಾವು ಬಾಯಲ್ಲಿ ಕೇಳಿದ್ದೆವು, ಸಾಹೇಬರು ತಲೆಯಾಡಿಸಿದ್ದರು" ಎಂದರೆ ಯಾರೂ ಕೇಳುವುದಿಲ್ಲ. ಕೆಲವರು ಮೆಮೋದಲ್ಲೇ "ಹೊಸ ದಾವೆ ಹೂಡುವ ಹಕ್ಕು ಕಾಯ್ದಿರಿಸಿ" ಎಂದು ಬರೆದಿರುತ್ತಾರೆ. ಹಕ್ಕನ್ನು ವಾದಿ ತಾನೇ ಕಾಯ್ದಿರಿಸಿಕೊಳ್ಳಲು ಬರುವುದಿಲ್ಲ. ಅದನ್ನು ಕೋರ್ಟ್ ಕೊಡಬೇಕು, ಕಾರಣ ಬರೆದು ಕೊಡಬೇಕು.

ಆದ್ದರಿಂದ ಬೇಕಾದದ್ದು ಐಎ, ಅಂದರೆ ದಾವೆಯ ನಡುವೆ ಹಾಕುವ ಅರ್ಜಿ. ಆದೇಶ 23 ನಿಯಮ 1(3) ಎಂದು ತಲೆಬರಹ, ಜೊತೆಗೆ ಅಫಿಡವಿಟ್, ಎದುರಿನವರಿಗೆ ಪ್ರತಿ. ಅವರು ತಕರಾರು ಹಾಕ್ತಾರೆ, ವಾದ ಆಗ್ತದೆ, ಆದೇಶ ಆಗ್ತದೆ.

ತಡೆಯಾಜ್ಞೆ ಇದ್ದರೆ ದಾವೆ ಹೋದ ದಿನವೇ ಅದೂ ಹೋಗ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಹೊಸ ದಾವೆ ಹೂಡಿ ಹೊಸ ತಡೆಯಾಜ್ಞೆ ಸಿಗುವ ತನಕ ಒಡ್ಡಿಗೆ ಕಾವಲು ಇಲ್ಲ.

ಘಟ್ಟದ_ಮೇಲೆ

ಶಿರಸಿ, ಸಿದ್ದಾಪುರ ಕಡೆ ಬೆಟ್ಟ-ತೋಟದ ದಾವೆಗಳಲ್ಲಿ ಇದೇ ಪಾಡು. ಔಪಚಾರಿಕ ದೋಷ ಅಂದರೆ ಎಂತದು ಅನ್ನುವಲ್ಲೇ ಐಎ ಬೀಳುವುದು ಅಥವಾ ನಿಲ್ಲುವುದು.

ಔಪಚಾರಿಕ ದೋಷ ಎಂದರೆ ದಾವೆಯ ಚೌಕಟ್ಟಿನ ದೋಷ, ಹೂರಣದ್ದಲ್ಲ. ಸರ್ಕಾರವನ್ನು ಪ್ರತಿವಾದಿ ಮಾಡಿ ಕಲಂ 80ರ ಎರಡು ತಿಂಗಳ ನೋಟಿಸು ಕೊಡದೇ ಇದ್ದದ್ದು, ಬೇಕಾದ ಪಕ್ಷಗಾರರನ್ನು ಸೇರಿಸದೇ ಇದ್ದದ್ದು, ಮೌಲ್ಯ ತಪ್ಪು ತೋರಿಸಿದ್ದು, ಸರ್ವೆ ನಂಬರು ತಪ್ಪಿದ್ದು, ಇಂಥವು. ವಿ. ರಾಜೇಂದ್ರನ್ ವಿರುದ್ಧ ಅಣ್ಣಸಾಮಿ ಪಾಂಡಿಯನ್ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಸರ್ವೆ ನಂಬರಿನ ತಪ್ಪನ್ನು ಔಪಚಾರಿಕ ದೋಷ ಎಂದೇ ಒಪ್ಪಿತು. ನಿಮ್ಮ ಹಿಸ್ಸಾ ನಂಬರಿಗೆ ಅದು ಉಪಯೋಗಕ್ಕೆ ಬರ್ತದೆ.

ಸಾಕ್ಷಿ ಸೋತದ್ದು, ಪಾಟಿ ಸವಾಲಿನಲ್ಲಿ ಬಾಯಿ ತಪ್ಪಿದ್ದು, ಹಳೇ ಮುಂಬಯಿ ಕಾಲದ ದಾಖಲೆ ಆಮೇಲೆ ಸಿಕ್ಕಿದ್ದು, ಇವು ಔಪಚಾರಿಕ ದೋಷ ಅಲ್ಲ. "ಇನ್ನೊಂದು ಸಲ ಚೆಂದ ಮಾಡಿ ಆಡುವ" ಎಂಬ ಆಸೆಗೆ ಲಿಬರ್ಟಿ ಸಿಗುವುದಿಲ್ಲ. ನಿಮ್ಮದರಲ್ಲಿ ಪಾಟಿ ಸವಾಲು ಅರ್ಧ ಆಗಿದೆ ಅಂದ್ರಿ. ಎದುರಿನ ವಕೀಲರ ಮೊದಲ ತಕರಾರೇ ಅದು: ಸಾಕ್ಷಿ ಕೆಟ್ಟಿತು, ಅದಕ್ಕೇ ಓಡ್ತಿದ್ದಾರೆ.

ನಂಬರು ತಪ್ಪಿದ್ದು ಹೇಗೆ ಅಂತ ಮೊದಲು ನೋಡಿ. ಪೋಡಿ (ಅಳೆದು ಹಿಸ್ಸೆ ಬೇರೆ ಮಾಡುವುದು) ಆಗಿ 3 ಎಂಬುದು 3ಎ, 3ಬಿ ಆಗಿದ್ದರೆ ಪೋಡಿ ಯಾವಾಗ ಆಯ್ತು, ಪಹಣಿಯಲ್ಲಿ ಯಾವಾಗ ಕೂತ್ಕೊಂಡಿತು ಅಂತ ಎರಡು ತಾರೀಕು ಬೇಕು. ದಾವೆ ಹೂಡುವ ಮೊದಲೇ ಬದಲಾಗಿದ್ದರೆ ನಿಮ್ಮ ಕಡೆಯ ಅಜಾಗ್ರತೆ. ಆಮೇಲೆ ಬದಲಾಗಿದ್ದರೆ ತಪ್ಪು ಯಾರದ್ದೂ ಅಲ್ಲ, ತಿದ್ದುಪಡಿಯಲ್ಲೇ ಮುಗಿಯುವ ಕೆಲಸ.

ಹವ್ಯಾಸಿ_ಫಿರ್ಯಾದಿ

ವಾಪಸ್ ಪಡೆದರೆ ರೆಸ್ ಜುಡಿಕೇಟಾ (ಒಮ್ಮೆ ತೀರ್ಮಾನ ಆದದ್ದನ್ನು ಮತ್ತೆ ಕೇಳುವ ಹಾಗಿಲ್ಲ ಎಂಬ ತಡೆ) ಆಗ್ತದೆ, ಹಾಗಾಗಿ ಆ ಜಮೀನಿನ ಬಗ್ಗೆ ಮುಂದೆ ಯಾವ ದಾವೆಯೂ ಇಲ್ಲ. ಇಷ್ಟೇ ವಿಷಯ.

ಆರ್ಡರ್‌ಶೀಟ್

ಎರಡೂ ತಪ್ಪು. ರೆಸ್ ಜುಡಿಕೇಟಾ ಕಲಂ 11ರದ್ದು, ಅದಕ್ಕೆ ವಿಷಯ ಕೇಳಿ ತೀರ್ಮಾನ ಆಗಿರಬೇಕು. ವಾಪಸ್ ಪಡೆದ ದಾವೆಯಲ್ಲಿ ಕೋರ್ಟ್ ಏನನ್ನೂ ತೀರ್ಮಾನಿಸಿಲ್ಲ. ಇಲ್ಲಿರುವುದು ಬೇರೆ ತಡೆ: ದಾವೆ ಹೂಡುವ ದಾರಿ ಮುಚ್ಚುತ್ತದೆ, ಹಕ್ಕು ಸಾಯುವುದಿಲ್ಲ. ನಾಳೆ ಪಕ್ಕದವರೇ ನಿಮ್ಮ ಮೇಲೆ ದಾವೆ ಹೂಡಿದರೆ ಅದೇ ಹಕ್ಕನ್ನು ಕೈಫಿಯತ್ತಿನಲ್ಲಿ ಹೇಳಿಕೊಳ್ಳಬಹುದು. ಗುರಾಣಿಯಾಗಿ ಉಳಿಯುತ್ತದೆ, ಕತ್ತಿಯಾಗಿ ಅಲ್ಲ.

"ಆ ಜಮೀನಿನ ಬಗ್ಗೆ ಯಾವ ದಾವೆಯೂ ಇಲ್ಲ" ಎಂಬುದೂ ಅಲ್ಲ. ವಲ್ಲಭ ದಾಸ್ ವಿರುದ್ಧ ಡಾ. ಮದನ್ ಲಾಲ್, 1970. "ವಿಷಯ" ಎಂದರೆ ಜಮೀನು ಅಲ್ಲ. ದಾವಾ ಕಾರಣ ಮತ್ತು ಕೇಳಿದ ಪರಿಹಾರ ಎರಡೂ ಸೇರಿ ವಿಷಯ ಎಂದಿತು ಸುಪ್ರೀಂ ಕೋರ್ಟ್. 2023ರಲ್ಲಿ ಒಡ್ಡು ಒಡೆದದ್ದಕ್ಕೆ ದಾವೆ ಹಾಕಿ ಬಿಟ್ಟುಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. 2027ರಲ್ಲಿ ಹೊಸದಾಗಿ ಬಂದು ಕಗ್ಗ ಭತ್ತದ ಸಸಿ ಕಿತ್ತರೆ ಅದು ಹೊಸ ಕಾರಣ, ಅದಕ್ಕೆ ತಡೆ ಇಲ್ಲ. ಆದರೆ ಹಳೇ ಘಟನೆಯನ್ನೇ ಹೊಸ ತಾರೀಕು ಹಾಕಿ ತಂದರೆ ಆಗುವುದಿಲ್ಲ. ದಾವಾ ಕಾರಣದ ಪ್ಯಾರಾ ಎರಡನ್ನೂ ಅಕ್ಕಪಕ್ಕ ಇಟ್ಟು ಓದ್ತಾರೆ.

ಜಂಟಿ ಆಸ್ತಿಯ ಪಾಲಿನ ದಾವೆಯೂ ಹಾಗೆಯೇ. ಆಸ್ತಿ ಜಂಟಿಯಾಗಿ ಇರುವ ತನಕ ಪಾಲು ಕೇಳುವ ಹಕ್ಕು ದಿನಾ ಹುಟ್ಟುತ್ತದೆ. ಹಿಂದೆ ಒಮ್ಮೆ ಪಾಲಿನ ದಾವೆ ಸುಮ್ಮನೆ ವಾಪಸ್ ಪಡೆದದ್ದು ಸಾಮಾನ್ಯವಾಗಿ ಅಡ್ಡಿ ಆಗುವುದಿಲ್ಲ. ಆದರೆ ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನ) ಆದ ಮೇಲೆ ವಾದಿ ಒಬ್ಬನೇ ನಿಂತು "ನಂಗೆ ಬೇಡ" ಎನ್ನಲು ಬರುವುದಿಲ್ಲ, ಅಷ್ಟರಲ್ಲಿ ಉಳಿದವರ ಪಾಲೂ ಗಟ್ಟಿಯಾಗಿರ್ತದೆ. ಡಿಕ್ರಿಗೆ ಮೊದಲು ವಾದಿ ಬಿಟ್ಟುಹೋದರೂ ನಿಯಮ 1ಎ ಪ್ರಕಾರ ಪ್ರತಿವಾದಿಗಳಲ್ಲಿ ಒಬ್ಬರು ವಾದಿಯ ಜಾಗಕ್ಕೆ ಬರಲು ಅರ್ಜಿ ಹಾಕಬಹುದು.

ಅಘನಾಶಿನಿ_ದಂಡೆ

ಮೆಮೋ ಬೇಡ ಅಂತ ಅರ್ಥ ಆಯ್ತು. ಅಫಿಡವಿಟ್ಟಿನ ಮುಖ್ಯ ಪ್ಯಾರಾ ಹೀಗೆ ಬರೆದರೆ ಹೇಗೆ?

"ಸದರಿ ದಾವೆಯಲ್ಲಿ ಕೆಲವು ತಾಂತ್ರಿಕ ದೋಷಗಳಿದ್ದು, ಸದರಿ ದೋಷಗಳಿಂದ ನಮಗೆ ನ್ಯಾಯ ಸಿಗುವುದು ಕಷ್ಟವಾಗಿದ್ದರಿಂದ, ಸದರಿ ದಾವೆಯನ್ನು ಹಿಂಪಡೆದು ಹೊಸದಾಗಿ ದಾವೆ ಹೂಡಲು ಅನುಮತಿ ನೀಡಬೇಕೆಂದು ಪ್ರಾರ್ಥನೆ."

ಆರ್ಡರ್‌ಶೀಟ್

ಈ ಪ್ಯಾರಾ ನೋಡಿಯೇ ಐಎ ವಜಾ ಆಗ್ತದೆ. "ಕೆಲವು ತಾಂತ್ರಿಕ ದೋಷ" ಎಂದರೆ ಯಾವುದು? ಕೋರ್ಟಿಗೆ ಮನವರಿಕೆ ಆಗಬೇಕು ಅನ್ನುವುದು ಕಾನೂನಿನದ್ದೇ ಮಾತು. ಕೆ.ಎಸ್. ಭೂಪತಿ ವಿರುದ್ಧ ಕೋಕಿಲಾ, 2000: ಅನುಮತಿ ಕೇಳಿದ ಮಾತ್ರಕ್ಕೆ ಕೊಡುವುದಲ್ಲ, ಕಾರಣ ಇದೆಯಾ ಎಂದು ಪರಿಶೀಲಿಸುವುದು ಕೋರ್ಟಿನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾರಣ ಬರೆಯದೆ ಆದೇಶ ಆದರೆ ಎದುರಿನವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಅದನ್ನು ಅಲ್ಲಾಡಿಸ್ತಾರೆ.

ಹೀಗೆ ಬರೆಯಿರಿ: "ದಾವಾ ಜಮೀನಿನ ಹಿಸ್ಸಾ ನಂಬರು ಫಿರ್ಯಾದಿಯ ಷೆಡ್ಯೂಲಿನಲ್ಲಿ 3 ಎಂದಿದೆ. ಇಂತಹ ತಾರೀಕಿನ ಪೋಡಿಯಂತೆ ಅದು 3ಬಿ ಆಗಿರುತ್ತದೆ. ಪ್ರತಿವಾದಿಯು ಕೈಫಿಯತ್ತಿನ ಇಂತಹ ಪ್ಯಾರಾದಲ್ಲಿ ವಾದಿಗಳ ಹಕ್ಕನ್ನು ನಿರಾಕರಿಸಿದ್ದು, ಹಕ್ಕು ಘೋಷಣೆ ಕೇಳದೆ ಬರೀ ನಿರ್ಬಂಧಕಾಜ್ಞೆಯ ದಾವೆ ಊರ್ಜಿತವಾಗುವುದಿಲ್ಲ. ಈ ದೋಷದಿಂದ ದಾವೆ ಬೀಳುವುದು ಖಚಿತ." ನಂಬರು, ತಾರೀಕು, ಪ್ಯಾರಾ ಬೇಕು. ಆ ಮೂರು "ಸದರಿ"ಗಳಲ್ಲಿ ಒಂದು ಸಾಕು.

ಪ್ರಾರ್ಥನೆಯಲ್ಲಿ "ದಾವೆ ಹಿಂಪಡೆಯಲು ಮತ್ತು ಅದೇ ದಾವಾ ಕಾರಣದ ಮೇಲೆ ಹೊಸ ದಾವೆ ಹೂಡಲು" ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ. ಅದರ ಹಿಂದೆಯೇ ಇದೂ ಇರಲಿ: "ಹೊಸ ದಾವೆ ಹೂಡುವ ಅನುಮತಿ ಇಲ್ಲದಿದ್ದಲ್ಲಿ ವಾದಿಗಳು ದಾವೆ ಹಿಂಪಡೆಯಲು ಬಯಸುವುದಿಲ್ಲ." ಈ ಸಾಲಿಗೆ ಬೆಲೆ ಇದೆ. ಎರಡನ್ನೂ ಒಟ್ಟಿಗೆ ಕೇಳಿದಾಗ ಕೋರ್ಟ್ ಅರ್ಧ ಮಾತ್ರ ಕೊಟ್ಟು, ಅಂದರೆ ಹಿಂಪಡೆಯಲು ಬಿಟ್ಟು ಲಿಬರ್ಟಿ ಇಲ್ಲ ಎನ್ನಬಾರದು. ಅರ್ಜಿ ಒಪ್ಪಿದರೆ ಪೂರ್ತಿ, ಇಲ್ಲವಾದರೆ ವಜಾ ಮಾಡಿ ದಾವೆ ಮುಂದುವರಿಸಬೇಕು ಎಂದು ಹಲವು ಹೈಕೋರ್ಟ್ ತೀರ್ಪುಗಳಿವೆ.

ಆದೇಶ ಆದ ದಿನವೇ ಇ-ಕೋರ್ಟ್ಸ್ ಆಪ್‌ನಲ್ಲಿ ಅಂದಿನ ಟಿಪ್ಪಣಿ ನೋಡಿ. "ಐಎ ಪುರಸ್ಕರಿಸಲಾಗಿದೆ, ದಾವೆ ಹಿಂಪಡೆದಿದ್ದರಿಂದ ವಜಾ" ಎಂದಷ್ಟೇ ಇದ್ದು ಲಿಬರ್ಟಿಯ ಮಾತು ಬಿಟ್ಟುಹೋಗಿದ್ದರೆ ಕಲಂ 152ರ ಕೆಳಗೆ ತಿದ್ದುಪಡಿಗೆ ಕೂಡಲೇ ಅರ್ಜಿ ಹಾಕಿ. ಅಣ್ಣ-ತಮ್ಮ ಇಬ್ಬರೂ ಮುಂಬಯಿ, ಗೋವಾ ಸೇರಿಕೊಂಡು ವರ್ಷ ಬಿಟ್ಟು ನೋಡಿದರೆ ಉಪಯೋಗ ಇಲ್ಲ.

ಅಘನಾಶಿನಿ_ದಂಡೆ

ಅಣ್ಣ ಊರಲ್ಲೇ. ತಮ್ಮ ಮುಂಬಯಿಯಲ್ಲಿ. ಅಣ್ಣ ಒಬ್ಬನ ಸಹಿ ಸಾಕಲ್ಲ?

ಘಟ್ಟದ_ಮೇಲೆ

ಸಾಲದು. ಉಪನಿಯಮ 5: ಹಲವು ವಾದಿಗಳಿದ್ದರೆ ಉಳಿದವರ ಒಪ್ಪಿಗೆ ಇಲ್ಲದೆ ಒಬ್ಬರಿಗೆ ವಾಪಸ್ ಪಡೆಯಲು ಕೋರ್ಟ್ ಅನುಮತಿ ಕೊಡುವ ಹಾಗಿಲ್ಲ. ತಮ್ಮನದ್ದೂ ಅಫಿಡವಿಟ್ ಆಗಲಿ. ಮುಂಬಯಿಯಲ್ಲಿ ನೋಟರಿ ಎದುರು ಮಾಡಿಸಿ ಅಂಚೆಯಲ್ಲಿ ಕಳಿಸಬಹುದು, ಅಥವಾ ಅಣ್ಣನಿಗೆ ಅಧಿಕಾರ ಪತ್ರ ಕೊಟ್ಟು ಅದರಲ್ಲಿ "ದಾವೆ ಹಿಂಪಡೆಯುವ" ಅಧಿಕಾರ ಸ್ಪಷ್ಟ ಬರೆಯಬೇಕು. ಬರೀ "ಕೋರ್ಟ್ ಕೆಲಸ ನೋಡಿಕೊಳ್ಳುವುದು" ಎಂದರೆ ತಕರಾರಿಗೆ ಎಡೆ.

ವಾದಿಗಳಲ್ಲಿ ಅಪ್ರಾಪ್ತರಿದ್ದರೆ ಬಿಡುವುದಕ್ಕೇ ಕೋರ್ಟಿನ ಅನುಮತಿ ಬೇಕು. ವಾದಮಿತ್ರರ ಅಫಿಡವಿಟ್, ಇದು ಮಗುವಿನ ಹಿತಕ್ಕೆ ಎಂದು ವಕೀಲರ ಪ್ರಮಾಣಪತ್ರ. ನಿಮ್ಮದರಲ್ಲಿ ಆ ತೊಂದರೆ ಇಲ್ಲ ಅನ್ನಿಸ್ತದೆ.

ಕಾಳಿ_ಸೇತುವೆ

ಎಲ್ಲರೂ ಲಿಬರ್ಟಿ ಲಿಬರ್ಟಿ ಎನ್ನುತ್ತಿದ್ದೀರಿ, ಕಾಲಮಿತಿಯ ಮಾತೇ ಇಲ್ಲ. ಕಾರವಾರದ ಕಡೆ ನೋಡಿದ್ದರಲ್ಲಿ ಲಿಬರ್ಟಿ ಸಿಕ್ಕಿಯೂ ಸೋತ ದಾವೆಗಳೇ ಜಾಸ್ತಿ, ಕಾರಣ ಆದೇಶ 23 ನಿಯಮ 2. ಅನುಮತಿ ಪಡೆದು ಹೂಡಿದ ಹೊಸ ದಾವೆಗೂ ಮೊದಲ ದಾವೆ ಹೂಡಿಯೇ ಇರಲಿಲ್ಲ ಎನ್ನುವ ಹಾಗೆ ಕಾಲಮಿತಿ ಎಣಿಸಬೇಕು. ಮೊದಲ ದಾವೆ ಮೂರು ವರ್ಷ ನಡೆದಿದ್ದರೆ ಆ ಮೂರು ವರ್ಷ ಹೋಯ್ತು.

ಬಹಳ ಸಲ ಕಾಣುವ ಲೆಕ್ಕ ಇದು. ಖರೀದಿ ಕರಾರಿನಲ್ಲಿ ನೋಂದಣಿಗೆ ನಿಗದಿ ಮಾಡಿದ ದಿನ 30-6-2022. ಕರಾರು ನೆರವೇರಿಸಿ ಎಂಬ ದಾವೆಗೆ ಕಾಲಮಿತಿ ಅಧಿನಿಯಮ 1963ರ ಅನುಚ್ಛೇದ 54ರಂತೆ ಮೂರು ವರ್ಷ, 30-6-2025ರ ತನಕ. ದಾವೆ ಹೂಡಿದ್ದು 2024ರ ಫೆಬ್ರುವರಿ, ಸಮಯದೊಳಗೇ. 2025ರ ಅಕ್ಟೋಬರಿನಲ್ಲಿ ಲಿಬರ್ಟಿ ಪಡೆದು ವಾಪಸ್. ನವೆಂಬರಿನಲ್ಲಿ ಹೊಸ ದಾವೆ. ಸತ್ತ ದಾವೆ ಅದು. ಕೈಯಲ್ಲಿ ಕೋರ್ಟಿನ ಅನುಮತಿ ಇದ್ದರೂ ಉಪಯೋಗ ಇಲ್ಲ.

ಕಾಲಮಿತಿ ಅಧಿನಿಯಮದ ಕಲಂ 14ರಲ್ಲಿ ವ್ಯರ್ಥ ಹೋದ ಸಮಯ ಕಳೆಯಲು ಬರ್ತದೆ. ಆದರೆ ಲಿಬರ್ಟಿ ಪಡೆದು ಹೂಡಿದ ದಾವೆಗೆ ಅದು ಅನ್ವಯಿಸುವುದು ಉಪಕಲಂ 3ರಂತೆ, ಅಂದರೆ ಮೊದಲ ಕೋರ್ಟಿಗೆ ಅಧಿಕಾರವ್ಯಾಪ್ತಿ ಇರಲಿಲ್ಲ ಅಥವಾ ಅದೇ ಬಗೆಯ ಬೇರೆ ಕಾರಣ ಎಂದು ಅನುಮತಿ ಕೊಟ್ಟಿದ್ದರೆ ಮಾತ್ರ. ಘೋಷಣೆ ಕೇಳಲು ಮರೆತದ್ದು ಆ ಜಾತಿಗೆ ಸೇರುವುದಿಲ್ಲ.

ಈಗ ನಿಮ್ಮದು. ಹಕ್ಕು ಘೋಷಣೆಗೆ ಅನುಚ್ಛೇದ 58, ಮೂರು ವರ್ಷ. ಕೈಫಿಯತ್ತಿನ ದಿನ 10-8-2023 ಎಂದರೆ 10-8-2026ರ ತನಕ. ಫೆಬ್ರುವರಿಯಲ್ಲಿ ಐಎ ಹಾಕಿ, ತಕರಾರು, ವಾದ, ಆದೇಶ ಎಲ್ಲ ಮುಗಿದು ಜೂನ್ ಒಳಗೆ ಕೈಗೆ ಬಂದರೆ ಅಡ್ಡಿಲ್ಲ. ಬೇಸಿಗೆ ರಜೆ ನಡುವೆ ಬರ್ತದೆ, ನೆನಪಿಡಿ. ಆದರೆ 58ರಲ್ಲಿ ಒಂದು ಶಬ್ದ ಇದೆ: ದಾವೆಯ ಹಕ್ಕು "ಮೊದಲ ಬಾರಿ" ಹುಟ್ಟಿದ ದಿನದಿಂದ. ಕೈಫಿಯತ್ತಿಗೂ ಮೊದಲು ಎಲ್ಲಾದರೂ ಹಕ್ಕು ನಿರಾಕರಿಸಿದ್ದಾರಾ? ನೋಟಿಸಿನ ಉತ್ತರ, ತಹಶೀಲ್ದಾರರ ಎದುರಿನ ತಕರಾರು ಅರ್ಜಿ, ಪಂಚಾಯತ್ ಪತ್ರ?

ಅಘನಾಶಿನಿ_ದಂಡೆ

ಇದೆ. ದಾವೆಗೆ ಮೊದಲು ವಕೀಲರ ನೋಟಿಸು ಕೊಟ್ಟಿದ್ದಕ್ಕೆ 5-12-2022ರ ಉತ್ತರ. ಅದರಲ್ಲಿರುವ ಸಾಲು: "ಒಡ್ಡಿನ ಪೂರ್ವಕ್ಕಿರುವ ಭಾಗವು ನಮ್ಮ ಕಕ್ಷಿದಾರರ ಹಿಸ್ಸೆಗೆ ಸೇರಿದ್ದು, ನಿಮ್ಮ ಕಕ್ಷಿದಾರರಿಗೆ ಅದರಲ್ಲಿ ಯಾವುದೇ ಹಕ್ಕು ಇರುವುದಿಲ್ಲ." ಪೂರ್ವದ ಪಟ್ಟಿ ಅಂದಾಜು 4 ಗುಂಟೆ.

ಕಾಳಿ_ಸೇತುವೆ

ಹಾಗಾದರೆ ಆ 4 ಗುಂಟೆಯ ಮಟ್ಟಿಗೆ ಮೂರು ವರ್ಷ 5-12-2025ಕ್ಕೇ ಮುಗಿದಿದೆ ಎಂದು ಅವರು ಹೇಳ್ತಾರೆ. ಹೊಸ ದಾವೆ ಹೂಡಿದ ದಿನವೇ ಆದೇಶ 7 ನಿಯಮ 11ರಲ್ಲಿ ಫಿರ್ಯಾದಿ ತಿರಸ್ಕರಿಸಿ ಎಂದು ಅರ್ಜಿ ಬರ್ತದೆ, ಇದೇ ಉತ್ತರದ ಪ್ರತಿ ಲಗತ್ತಿಸಿ. ನೀವು ಹೊಸ ದಾವೆಯಲ್ಲಿ ಆ ನೋಟಿಸು ಮುಚ್ಚಿಡಲೂ ಆಗುವುದಿಲ್ಲ, ಹಳೇ ಫಿರ್ಯಾದಿಯಲ್ಲೇ ಉಲ್ಲೇಖ ಇರಬೇಕು.

ಉಳಿದ 1 ಎಕರೆ 8 ಗುಂಟೆಗೆ ಮೊದಲ ನಿರಾಕರಣೆ ಕೈಫಿಯತ್ತಿನದ್ದೇ ಎಂದು ವಾದಿಸಬಹುದು. ಆದರೆ ಜಗಳ ಇರುವುದೇ ಆ 4 ಗುಂಟೆಗೆ ಅಲ್ಲವಾ.

ಆ ಪಟ್ಟಿಯ ಸ್ವಾಧೀನವೇ ತಪ್ಪಿದ್ದರೆ ಲೆಕ್ಕ ಬೇರೆ. ಹಕ್ಕಿನ ಮೇಲೆ ಸ್ವಾಧೀನ ಕೇಳುವ ದಾವೆಗೆ ಅನುಚ್ಛೇದ 65, ಎದುರಿನವರ ಸ್ವಾಧೀನ ಪ್ರತಿಕೂಲ ಆದಾಗಿನಿಂದ 12 ವರ್ಷ. ನಿಮ್ಮ ಸ್ವಾಧೀನದಲ್ಲೇ ಇದೆ ಎನ್ನುತ್ತಿದ್ದೀರಿ, ಹಾಗಾಗಿ ಅದು ಸಿಗುವುದಿಲ್ಲ. ಕಾಲಮಿತಿಗೋಸ್ಕರ ಸ್ವಾಧೀನ ಹೋಗಿದೆ ಎಂದು ಬರೆದೀರಿ ಮತ್ತೆ! ಅಣ್ಣ ಈಗಾಗಲೇ ಅಫಿಡವಿಟ್ಟಿನಲ್ಲಿ ಸ್ವಾಧೀನ ನಮ್ಮದು ಎಂದಿದ್ದಾನೆ.

ಘಟ್ಟದ_ಮೇಲೆ

ಹಾಗಿದ್ದರೆ ವಾಪಸ್ ಪಡೆಯುವ ಯೋಚನೆಯನ್ನೇ ಬದಿಗಿಡಿ. ಆದೇಶ 6 ನಿಯಮ 17, ತಿದ್ದುಪಡಿ. ಇರುವ ದಾವೆಯಲ್ಲೇ ಘೋಷಣೆ ಸೇರಿಸಿ, ಹಿಸ್ಸಾ ನಂಬರು ತಿದ್ದಿ. ತಿದ್ದುಪಡಿ ಸಾಮಾನ್ಯವಾಗಿ ದಾವೆ ಹೂಡಿದ ದಿನಕ್ಕೆ ಹಿಂದೆ ಹೋಗಿ ಸೇರುತ್ತದೆ. ನಿಮ್ಮ ದಾವೆ 2023ರ ಮಾರ್ಚಿನದ್ದು, ನೋಟಿಸಿನ ಉತ್ತರದಿಂದ ನಾಲ್ಕು ತಿಂಗಳೊಳಗೆ. ಹೊಸ ದಾವೆಯಲ್ಲಿ ಸಿಗದ ಲಾಭ ಇದು. ಹಿಸ್ಸಾ ನಂಬರಿಗಂತೂ ದಾವೆ ವಾಪಸ್ ಪಡೆಯುವುದು ಸೊಳ್ಳೆಗೆ ಕೋವಿ ಹಿಡಿದಂತೆ.

ಕಾಳಿ_ಸೇತುವೆ

ಒಪ್ಪುತ್ತೇನೆ, ಆದರೆ ಎರಡು ಕಡೆ ಕಾಲು ಜಾರ್ತದೆ. 2002ರ ತಿದ್ದುಪಡಿಯಿಂದ ನಿಯಮ 17ಕ್ಕೆ ಒಂದು ಪರಂತುಕ ಬಂದಿದೆ: ವಿಚಾರಣೆ ಶುರುವಾದ ಮೇಲೆ, ತಕ್ಕ ಜಾಗ್ರತೆ ವಹಿಸಿಯೂ ಮೊದಲೇ ಕೇಳಲು ಆಗಲಿಲ್ಲ ಎಂದು ತೋರಿಸದೆ ತಿದ್ದುಪಡಿ ಇಲ್ಲ. ವಿದ್ಯಾಬಾಯಿ ವಿರುದ್ಧ ಪದ್ಮಲತಾ, 2009, ನಮ್ಮ ಕರ್ನಾಟಕದ್ದೇ ಪ್ರಕರಣ, ಸಾಕ್ಷಿಯ ಅಫಿಡವಿಟ್ ಕೊಟ್ಟರೆ ವಿಚಾರಣೆ ಶುರು ಎಂದಿದೆ. ಇಲ್ಲಿ ಅರ್ಧ ಪಾಟಿ ಸವಾಲೇ ಆಗಿದೆ. ಪೋಡಿ ದಾವೆಯ ನಂತರದ್ದಾದರೆ ಆ ಭಾಗಕ್ಕೆ ಜಾಗ್ರತೆಯ ಪ್ರಶ್ನೆ ಸುಲಭ. ಘೋಷಣೆಯ ಭಾಗಕ್ಕೆ ಕಷ್ಟ, ಕೈಫಿಯತ್ತು 2023ರಲ್ಲೇ ಕೈಗೆ ಬಂದಿದೆ.

ಇನ್ನೊಂದು ಸಂಪತ್ ಕುಮಾರ್ ವಿರುದ್ಧ ಅಯ್ಯಕಣ್ಣು, 2002. ಅಲ್ಲಿಯೂ ಬರೀ ನಿರ್ಬಂಧಕಾಜ್ಞೆಯ ದಾವೆ, 1988ರದ್ದು. 1999ರಲ್ಲಿ ಘೋಷಣೆ ಮತ್ತು ಸ್ವಾಧೀನ ಸೇರಿಸಲು ಅರ್ಜಿ. ಸುಪ್ರೀಂ ಕೋರ್ಟ್ ತಿದ್ದುಪಡಿ ಕೊಟ್ಟಿತು, ಆದರೆ ಆ ಪ್ರಾರ್ಥನೆಗಳನ್ನು ತಿದ್ದುಪಡಿ ಅರ್ಜಿ ಹಾಕಿದ ದಿನ ಮಾಡಿದ್ದೆಂದು ಎಣಿಸಬೇಕು ಎಂದಿತು. ಅಂದರೆ ಹಿಂದೆ ಹೋಗಿ ಸೇರುವುದು ಗ್ಯಾರಂಟಿ ಅಲ್ಲ, ಕೋರ್ಟ್ ಬೇರೆ ಹೇಳಬಹುದು. ಹಾಗಿದ್ದೂ ತಿದ್ದುಪಡಿ ಸೋತರೆ ನಿಮ್ಮ ದಾವೆ ಇದ್ದ ಹಾಗೆ ಇರ್ತದೆ. ವಾಪಸ್ ಪಡೆದು ಹೊಸದು ಸೋತರೆ ಎರಡೂ ಇಲ್ಲ.

ಆರ್ಡರ್‌ಶೀಟ್

ಇನ್ನೊಂದು ಪ್ರಶ್ನೆ ಯಾರೂ ಕೇಳಿಲ್ಲ. ಘೋಷಣೆ ನಿಜಕ್ಕೂ ಬೇಕಾ?

ಅನಾಥುಲ ಸುಧಾಕರ್ ವಿರುದ್ಧ ಪಿ. ಬುಚ್ಚಿ ರೆಡ್ಡಿ, 2008, ಎಲ್ಲರೂ ಉಲ್ಲೇಖಿಸುವ ತೀರ್ಪು. ಹಕ್ಕಿನ ಮೇಲೆ ಗಂಭೀರ ಮೋಡ ಕವಿದಿದ್ದರೆ ಘೋಷಣೆ ಕೇಳಬೇಕು ಎಂದದ್ದು ನಿಜ. ಆದರೆ ಎದುರಿನವರು "ನಿಂಗೆ ಹಕ್ಕಿಲ್ಲ" ಎಂದ ಕೂಡಲೇ ಮೋಡ ಕವಿಯುವುದಿಲ್ಲ ಎಂದೂ ಅದರಲ್ಲೇ ಇದೆ. ಅವರಲ್ಲಿ ಆಧಾರ ಏನಾದರೂ ಇರಬೇಕು.

ನೋಟಿಸಿನ ಉತ್ತರದ ಸಾಲು ಇನ್ನೊಮ್ಮೆ ಓದಿ. ಆ ಪಟ್ಟಿ ತಮ್ಮ ಹಿಸ್ಸೆಗೆ ಸೇರಿದ್ದು ಎನ್ನುತ್ತಿದ್ದಾರೆ. ನಿಮ್ಮ ಹಿಸ್ಸೆಗೆ ನೀವು ಮಾಲೀಕರಲ್ಲ ಎನ್ನುತ್ತಿಲ್ಲ. ಇಬ್ಬರ ಹಿಸ್ಸೆಯೂ ಸರಿ, ಗೆರೆ ಎಲ್ಲಿ ಎಂಬುದೇ ಜಗಳ. ಗಜನಿಯಲ್ಲಿ ಇದು ಹೊಸತೇನಲ್ಲ. ಉಬ್ಬರಕ್ಕೆ ಮಣ್ಣಿನ ಒಡ್ಡು ಕುಸಿಯುತ್ತದೆ, ಮತ್ತೆ ಕಟ್ಟುವಾಗ ನಾಲ್ಕು ಮೊಳ ಆಚೀಚೆ ಆಗ್ತದೆ, ಹತ್ತು ವರ್ಷ ಬಿಟ್ಟು ಒಡ್ಡೇ ಗಡಿ ಎಂದು ಒಬ್ಬರು, ನಕ್ಷೆಯೇ ಗಡಿ ಎಂದು ಇನ್ನೊಬ್ಬರು.

ಇದಕ್ಕೆ ಆದೇಶ 26 ನಿಯಮ 9. ಕೋರ್ಟ್ ಕಮಿಷನರ್ ಆಗಿ ತಾಲೂಕು ಸರ್ವೆಯರ್ ನೇಮಿಸಿ, ಮೂಲ ಟಿಪ್ಪಣಿ, ಹಿಸ್ಸಾ ಟಿಪ್ಪಣಿ, ಪೋಡಿ ನಕ್ಷೆ ಇಟ್ಟು ಎರಡೂ ಹಿಸ್ಸೆ ಅಳೆದು, ಈಗಿನ ಒಡ್ಡು ಎಲ್ಲಿದೆ, ದಾಖಲೆಯ ಗೆರೆ ಎಲ್ಲಿದೆ ಎಂದು ಒಂದೇ ನಕ್ಷೆಯಲ್ಲಿ ತೋರಿಸಲು ಕೇಳಿ. ಮೆಮೋ ಆಫ್ ಇನ್‌ಸ್ಟ್ರಕ್ಷನ್‌ನಲ್ಲಿ ಪ್ರಶ್ನೆ ಸ್ಪಷ್ಟ ಬರೆಯದಿದ್ದರೆ ಸರ್ವೆಯರ್ ನಿಮ್ಮ ಹಿಸ್ಸೆ ಮಾತ್ರ ಅಳೆದು ಬರ್ತಾರೆ, ಆ ವರದಿಯಿಂದ ಏನೂ ಹೊರಡುವುದಿಲ್ಲ. ಪಕ್ಕದ ಹಿಸ್ಸೆಯನ್ನೂ ಅಳೆಯಬೇಕು, ಎರಡೂ ಕಡೆಯವರಿಗೆ ಅಳತೆಯ ನೋಟಿಸು ಹೋಗಿರಬೇಕು. ಅಳತೆ ಬೇಸಿಗೆಯಲ್ಲಿ, ಇಳಿತದ ಹೊತ್ತಿಗೆ ಇಟ್ಟುಕೊಳ್ಳಿ. ಜೂನ್ ಬಂದರೆ ನೀರಿನಲ್ಲಿ ಗೆರೆ ಎಳೆಯಬೇಕಾಗ್ತದೆ.

ಘಟ್ಟದ_ಮೇಲೆ

ಇದು ಸರಿ. ಬೆಟ್ಟದ ದಾವೆಯಲ್ಲೂ ಅರ್ಧಕ್ಕರ್ಧ ಹೀಗೇ: ಹಕ್ಕಿನ ದಾವೆ ಎಂದು ಶುರು, ಅಳೆದರೆ ಬೇಲಿಯ ದಾವೆ.

ಬಾಳೆಕೊನೆ

ಸ್ವಲ್ಪ ಅಡ್ಡ ಪ್ರಶ್ನೆ. ವಾಪಸ್ ಪಡೆಯದೆ, ತಾರೀಕಿಗೆ ಹೋಗದೆ ಇದ್ದು ದಾವೆ ತಾನಾಗಿ ವಜಾ ಆಗಲು ಬಿಟ್ಟರೆ? ಆಗ ಆದೇಶ 23 ಅನ್ವಯಿಸುವುದಿಲ್ಲ ಅಲ್ಲವಾ? ಹಾಗೆಯೇ, ಪಕ್ಕದವರು ಎದುರು ಕ್ಲೇಮ್ (ಇದೇ ದಾವೆಯಲ್ಲಿ ತಮ್ಮದೇ ಬೇಡಿಕೆ) ಹಾಕಿದ್ದರೆ ಏನಾಗ್ತದೆ?

ಆರ್ಡರ್‌ಶೀಟ್

ಆದೇಶ 9 ಅನ್ವಯಿಸುತ್ತದೆ. ಇಬ್ಬರೂ ಬಾರದೆ ನಿಯಮ 3ರಲ್ಲಿ ವಜಾ ಆದರೆ ಕಾಲಮಿತಿಯೊಳಗೆ ಹೊಸ ದಾವೆ ಹೂಡಬಹುದು. ಪ್ರತಿವಾದಿ ಬಂದು ವಾದಿ ಬಾರದೆ ನಿಯಮ 8ರಲ್ಲಿ ವಜಾ ಆದರೆ ನಿಯಮ 9 ಅದೇ ದಾವಾ ಕಾರಣದ ಹೊಸ ದಾವೆಯನ್ನು ಮುಚ್ಚುತ್ತದೆ. ಉಳಿಯುವುದು 30 ದಿನದೊಳಗೆ ಪುನಃಸ್ಥಾಪನೆಯ ಅರ್ಜಿ ಮಾತ್ರ. ಎದುರಿನವರು ಆ ದಿನ ಬರುವುದಿಲ್ಲ ಎಂದು ಲೆಕ್ಕ ಹಾಕಿ ಯಾರಾದರೂ ಮನೆಯಲ್ಲಿ ಕೂರ್ತಾರಾ?

ಎದುರು ಕ್ಲೇಮ್ ಇದ್ದರೆ ಆದೇಶ 8 ನಿಯಮ 6ಡಿ: ನಿಮ್ಮ ದಾವೆ ಹೋದರೂ ಅವರ ಕ್ಲೇಮ್ ನಡೆಯುತ್ತದೆ. ಆಗ ಆ ಕ್ಲೇಮಿಗೆ ಉತ್ತರ ಕೊಡುವುದಷ್ಟೇ ನಿಮಗೆ ಉಳಿಯುವ ಕೆಲಸ.

ಬಾಳೆಕೊನೆ

ಊರ ಹಿರಿಯರು ಕೂತು ರಾಜಿ ಮಾಡಿಸಿ "ದಾವೆ ವಾಪಸ್ ತಗಳಿ" ಎಂದರೆ?

ಕಾಳಿ_ಸೇತುವೆ

ರಾಜಿ ಆದ ದಿನ ಮೆಮೋ ಹಾಕುವವರೇ ಜಾಸ್ತಿ, ಆಮೇಲೆ ಎದುರಿನವರು ಮಾತು ತಪ್ಪುತ್ತಾರೆ. ಆಗ ಹಳೇ ದಾವೆ ಮುಚ್ಚಿದೆ, ರಾಜಿ ಬಾಯಿಮಾತು. ಆದೇಶ 23 ನಿಯಮ 3ರ ರಾಜಿ ಅರ್ಜಿ ಹಾಕಿ, ಲಿಖಿತ ಇರಬೇಕು, ಎರಡೂ ಕಡೆಯವರ ಸಹಿ ಇರಬೇಕು, ನಕ್ಷೆ ಲಗತ್ತಿರಬೇಕು, ಡಿಕ್ರಿ ಆಗಬೇಕು. ಲೋಕ ಅದಾಲತ್ತಿನಲ್ಲಿ ಮುಗಿಸಿದರೂ ಅಡ್ಡಿಲ್ಲ, ಅವಾರ್ಡಿಗೆ ಡಿಕ್ರಿಯ ಬೆಲೆಯೇ. ಎರಡರಲ್ಲೂ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ ಅರ್ಜಿ) ಹಾಕಬಹುದು. ಅಮಲ್ಜಾರಿ ಅರ್ಜಿಗೆ ಆದೇಶ 23 ಅನ್ವಯಿಸುವುದಿಲ್ಲ, ನಿಯಮ 4. ಒಂದು ಅರ್ಜಿ ವಾಪಸ್ ಪಡೆದರೂ ಕಾಲಮಿತಿಯೊಳಗೆ ಇನ್ನೊಂದು ಹಾಕಬಹುದು.

ರಿಟ್ ಬಗ್ಗೆಯೂ ಹೇಳಿಬಿಡ್ತೇನೆ, ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಜಗಳದಲ್ಲಿ ಎಸಿ, ಡಿಸಿ ದಾಟಿ ಧಾರವಾಡಕ್ಕೆ ಹೋಗುವವರಿಗೆ. ಸರ್ಗುಜಾ ಟ್ರಾನ್ಸ್‌ಪೋರ್ಟ್ ತೀರ್ಪಿನಂತೆ, ಲಿಬರ್ಟಿ ಇಲ್ಲದೆ ರಿಟ್ ವಾಪಸ್ ಪಡೆದರೆ ಅದೇ ಕಾರಣಕ್ಕೆ ಇನ್ನೊಂದು ರಿಟ್ ಇಲ್ಲ. ಸಿವಿಲ್ ದಾವೆಗೆ ಅದು ಅಡ್ಡ ಬರುವುದಿಲ್ಲ.

ಅಘನಾಶಿನಿ_ದಂಡೆ

ಪೋಡಿ ತಾರೀಕು ನೋಡಿದೆವು. ಹಿಸ್ಸಾ 3ಎ, 3ಬಿ ಆಗಿದ್ದು 2024ರಲ್ಲಿ, ದಾವೆಯ ನಂತರ. ಎದುರು ಕ್ಲೇಮ್ ಇಲ್ಲ. ಹಾಗಾದರೆ ಫೆಬ್ರುವರಿ ತಾರೀಕಿಗೆ ಏನೇನು ಹಾಕಬೇಕು, ಯಾವುದು ಮೊದಲು? ವಾಪಸ್ ಪಡೆಯುವ ಐಎಯನ್ನೂ ಜೊತೆಗೇ ಹಾಕಿಡುವುದಾ?

ಆರ್ಡರ್‌ಶೀಟ್

ಜೊತೆಗೆ ಬೇಡ. ಒಂದು ಅರ್ಜಿಯಲ್ಲಿ "ದಾವೆ ಸರಿಪಡಿಸಿ ನಡೆಸುತ್ತೇವೆ", ಇನ್ನೊಂದರಲ್ಲಿ "ದಾವೆ ಬೀಳುವುದು ಖಚಿತ" ಎಂದು ಇಬ್ಬರೂ ವಾದಿಗಳ ಸಹಿ ಇದ್ದರೆ ಎದುರಿನವರು ಎರಡನೆಯದನ್ನು ಎತ್ತಿ ಮೊದಲನೆಯದರ ಮೇಲೆ ಹೊಡೆಯುತ್ತಾರೆ.

ಮೊದಲ ದಿನ ತಿದ್ದುಪಡಿಯ ಐಎ. ಪ್ರಾರ್ಥನೆ ಎರಡು ಭಾಗ ಮಾಡಿ: ಷೆಡ್ಯೂಲಿನಲ್ಲಿ ಹಿಸ್ಸಾ 3 ಇದ್ದದ್ದನ್ನು 3ಬಿ ಎಂದು ತಿದ್ದುವುದು ಒಂದು, ಘೋಷಣೆ ಸೇರಿಸುವುದು ಇನ್ನೊಂದು. ಒಂದು ಬಿದ್ದರೆ ಇನ್ನೊಂದು ಉಳಿಯಲಿ. 2024ರ ಪೋಡಿ ನಕ್ಷೆಯ ದೃಢೀಕೃತ ಪ್ರತಿ ಲಗತ್ತಿಸಿ. ಘೋಷಣೆಗೆ ಕೋರ್ಟ್ ಶುಲ್ಕದ ವ್ಯತ್ಯಾಸ ಎಷ್ಟಾಗ್ತದೆ ಎಂದು ಮೊದಲೇ ಲೆಕ್ಕ ಹಾಕಿಸಿ. ಅದೇ ದಿನ ಕಮಿಷನರ್ ನೇಮಕದ ಐಎ, ಅಳತೆ ಮೇ ಒಳಗೆ ಆಗುವ ಹಾಗೆ. ತಿದ್ದುಪಡಿ ಕೋರ್ಟ್ ಒಪ್ಪದಿದ್ದರೆ ಸಂವಿಧಾನದ ಅನುಚ್ಛೇದ 227ರಲ್ಲಿ ಧಾರವಾಡ ಪೀಠದ ದಾರಿ ಇದೆ. ಅಲ್ಲಿಯೂ ಆಗದಿದ್ದರೆ, ಕಮಿಷನರ್ ವರದಿ ನೋಡಿದ ಮೇಲೆ 1(3)ರ ಐಎಯ ಮಾತು. ವರದಿಯಲ್ಲಿ ಗೆರೆ ನಿಮ್ಮ ಕಡೆ ಬಂದಿದ್ದರೆ ಅದರ ಅಗತ್ಯವೇ ಬೀಳಲಿಕ್ಕಿಲ್ಲ.

ತಮ್ಮನ ಅಫಿಡವಿಟ್ ಮುಂಬಯಿಯಿಂದ ಜನವರಿ ಒಳಗೆ ತರಿಸಿಕೊಳ್ಳಿ. ಮತ್ತೆ ಆ 5-12-2022ರ ಉತ್ತರದ ಅಸಲು ಪ್ರತಿ ಮತ್ತು ಲಕೋಟೆ ಎಲ್ಲಿದೆ ಹುಡುಕಿಡಿ. ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಕು ಬೇಕಾಗ್ತದೆ.

ಅಘನಾಶಿನಿ_ದಂಡೆ

ಲಕೋಟೆ ವಕೀಲರ ಫೈಲಿನಲ್ಲೇ ಇದೆಯಂತೆ. ಮುದ್ರೆ 9-12-2022.

ಕಾಳಿ_ಸೇತುವೆ

ಅದರ ಫೋಟೋ ಅಲ್ಲ, ಅಸಲನ್ನೇ ಸಾಕ್ಷ್ಯವಾಗಿ ನಿಶಾನೆ ಮಾಡಿಸಿ. ನಾಲ್ಕು ದಿನದ ವ್ಯತ್ಯಾಸ ಈಗ ಉಪಯೋಗಕ್ಕೆ ಬಾರದು, ಆದರೆ ನಿರಾಕರಣೆ ನಿಮಗೆ ಗೊತ್ತಾದ ದಿನ ಯಾವುದು ಎಂದು ಪಾಟಿ ಸವಾಲಿನಲ್ಲಿ ಅಣ್ಣನನ್ನು ಕೇಳೇ ಕೇಳ್ತಾರೆ.